ಸಚಿವರೇ, ನನ್ನ ಮಗ ಕೇಳುವ ಟಿಸಿ ಬೇರೆ

ಶಾಲಾ ಶಿಕ್ಷಣ ಸಚಿವರಿಗೆ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಕೊಬ್ಬರಿ ಸೀಮೆಯವಳು. ನನ್ನ ಮಗನಿಗೆ ಎಂಟು ವರ್ಷ. ಮನೆಯಲ್ಲಿ ಪುಟ್ಟ ಅಂತೀವಿ, ಇಲ್ಲೂ ಅದೇ ಇರಲಿ. ಅವನಿಗೆ ಆಟಿಸಂ ಇದೆ. ಜೊತೆಗೆ ಟಿಸಿ ಹುಚ್ಚೂ ಇದೆ.

ಹಳ್ಳಿ ಕಡೆಯವರಿಗೆ ಟಿಸಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎರಡು ಕಂಬದ ನಡುವೆ ಕೂತು ಹೂಂಗುಟ್ಟುವ ಟ್ರಾನ್ಸ್‌ಫಾರ್ಮರ್. ಅದರ ಸಾಮರ್ಥ್ಯ ಅಳೆಯುವುದು ಕೆವಿಎಯಲ್ಲಿ. ಅದು ಸುಟ್ಟರೆ ತೋಟಕ್ಕೆ ನೀರಿಲ್ಲ, ಮನೆಯಲ್ಲಿ ಮಿಕ್ಸಿ ಇಲ್ಲ. ನಿಮ್ಮ ಇಲಾಖೆಯ ಟಿಸಿ ಬೇರೆ, ಅದು ವರ್ಗಾವಣೆ ಪತ್ರ. ನಮ್ಮ ಮನೆಯಲ್ಲಿ ಈ ಎರಡು ಟಿಸಿ ಒಂದು ದಿನ ಮುಖಾಮುಖಿಯಾದವು.

ಪುಟ್ಟ ಆಗ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ತರಗತಿ. ದಸರಾ ರಜೆ ಮುಗಿದು ವಾರ ಆಗಿತ್ತು. ಕರೆಸಿದರು, ಹೋದೆ. "ಮೇಡಂ, ನಿಮ್ಮ ಹುಡುಗನಿಗೆ ಇಲ್ಲಿ ಆಗೋದಿಲ್ಲ. ಬೇರೆ ಪೇರೆಂಟ್ಸ್ ಮಾತಾಡ್ತಿದ್ದಾರೆ. ಟಿಸಿ ಕೊಡ್ತೀವಿ, ತಗೊಂಡು ಹೋಗಿ" ಅಂದರು. ಪಕ್ಕದಲ್ಲಿ ಕೂತಿದ್ದ ಪುಟ್ಟ ಕುರ್ಚಿಯಿಂದ ಎದ್ದು ಕುಣಿದುಬಿಟ್ಟ. "ಎಷ್ಟು ಕೆವಿಎದು?" ಅಂತ ಕೇಳಿದ.

ಮೂರು ದಿನ ಮನೆ ಬಾಗಿಲಲ್ಲಿ ಕಾದ. ಲಾರಿ ಬರುತ್ತೆ, ಟಿಸಿ ಇಳಿಸ್ತಾರೆ ಅಂತ. ನನ್ನ ಬ್ಯಾಗಿನಲ್ಲಿ ಮಡಿಚಿಟ್ಟ ಹಾಳೆಯೇ ಆ ಟಿಸಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹಾಳೆಯಲ್ಲಿ "ಶಾಲೆ ಬಿಡಲು ಕಾರಣ" ಅಂತ ಒಂದು ಕಾಲಂ ಇತ್ತು. ಅದರ ಮುಂದೆ "ಪೋಷಕರ ಕೋರಿಕೆಯ ಮೇರೆಗೆ" ಅಂತ ಬರೆದಿದ್ದರು. ನಾನು ಏನನ್ನೂ ಕೋರಿರಲಿಲ್ಲ. ಅರ್ಜಿಯ ಮಾತುಗಳನ್ನೂ ಅವರೇ ಹೇಳಿ ಬರೆಸಿದ್ದರು, ನಾನು ಸಹಿ ಹಾಕಿದೆ. ಅಷ್ಟು ಹೊತ್ತಿಗೆ ಎಷ್ಟು ಸೋತಿದ್ದೆ ಅಂದರೆ, ಬಿಳಿ ಹಾಳೆ ಕೊಟ್ಟಿದ್ದರೂ ಸಹಿ ಹಾಕುತ್ತಿದ್ದೆ.

ಆಮೇಲೆ ಓದಿ ತಿಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ, ಕಾಕತಾಳೀಯವೋ ಏನೋ, 16ನೇ ಸೆಕ್ಷನ್ನೇ. ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಅವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಅದು ಹೇಳುತ್ತದೆ. ಎರಡನ್ನೂ ಆ ಶಾಲೆ ಮುರಿದಿಲ್ಲ ನೋಡಿ. ಹೊರಹಾಕಿಯೇ ಇಲ್ಲವಲ್ಲ! ನಾನೇ ಕೋರಿಕೊಂಡು ಹೋದೆನಲ್ಲ!

ಈ ಹುಚ್ಚು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. ಮೂರು ವರ್ಷ ಆದರೂ ಪುಟ್ಟ ಅಮ್ಮ ಅಂದಿರಲಿಲ್ಲ. ಅಂಗನವಾಡಿ ದಾರಿಯಲ್ಲಿ 63 ಕೆವಿಎ ಟಿಸಿ ಒಂದಿದೆ. ಅಲ್ಲಿ ಬಂದರೆ ಕಾಲು ಕೀಳುತ್ತಿರಲಿಲ್ಲ. ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಕಿರುಚುವ ಹುಡುಗ ಆ ಸದ್ದಿಗೆ ಮಾತ್ರ ತಣ್ಣಗಾಗುತ್ತಿದ್ದ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದಂತೆ. ಒಳಗಿನ ಕಬ್ಬಿಣದ ತಗಡುಗಳು ಅದರ ಎರಡು ಪಟ್ಟು, ಸೆಕೆಂಡಿಗೆ 100 ಸಲ, ಅದುರುತ್ತವೆ. ಒಂದೇ ಸಮನೆ, ಏರಿಲ್ಲ ಇಳಿತವಿಲ್ಲ. ಶಾಲೆಯ ಗಂಟೆಯ ಹಾಗೆ ಏಕಾಏಕಿ ಮೈಮೇಲೆ ಬೀಳುವುದಿಲ್ಲ.

ಒಂದು ಬೆಳಿಗ್ಗೆ ಅಲ್ಲಿನ ಕೆಂಪು ಬೋರ್ಡಿಗೆ ಬೆರಳು ತೋರಿಸಿ "ಅಪಾಯ" ಅಂದ. ಅದೇ ಮೊದಲ ಮಾತು. ಬೇರೆ ಮಕ್ಕಳಿಗೆ ಅ ಅಂದರೆ ಅರಸ, ಅಗಸ. ನನ್ನ ಮಗನಿಗೆ ಅ ಅಂದರೆ ಅಪಾಯ, 11,000 ವೋಲ್ಟ್. ನಾನು ರಸ್ತೆಯಲ್ಲೇ ಅತ್ತೆ. ಹತ್ತು ಹೆಜ್ಜೆ ದೂರ ನಿಲ್ಲಬೇಕು ಅನ್ನುವ ನಿಯಮವನ್ನೂ ಅವತ್ತೇ ಮಾಡಿದೆ. ಇವತ್ತಿಗೂ ಎಣಿಸಿಯೇ ನಿಲ್ಲುತ್ತಾನೆ.

"ಮೊದಲು ಆ ಟಿಸಿ ಹುಚ್ಚು ಬಿಡಿಸಿ" ಅಂತ ಎಲ್ಲರೂ ಹೇಳಿದರು. ನೆಂಟರು, ಟೀಚರು, ಬಸ್ಸಲ್ಲಿ ಪಕ್ಕ ಕೂತವರು. ಒಂದು ತಿಂಗಳು ನಾನೂ ಪ್ರಯತ್ನಪಟ್ಟೆ. ಬೇರೆ ದಾರಿಯಲ್ಲಿ ಕರಕೊಂಡು ಹೋದೆ, ಫೋನಿನಲ್ಲಿದ್ದ ಟಿಸಿ ಫೋಟೋಗಳನ್ನೆಲ್ಲ ಅಳಿಸಿದೆ. ಹುಚ್ಚೇನೋ ಕಡಿಮೆಯಾಯಿತು, ಮಾತೂ ನಿಂತುಹೋಯಿತು. ಅದು ನಾನು ಮಾಡಿದ ದೊಡ್ಡ ತಪ್ಪು. ಅವನು ಹೊರಗೆ ಬರಲು ಇದ್ದದ್ದೇ ಆ ಒಂದು ಬಾಗಿಲು, ನಾನೇ ಅಗುಳಿ ಹಾಕಿದ್ದೆ.

ಯಾಕೆಂದರೆ ಪುಟ್ಟ ಮಾತಾಡುವುದೇ ಕರೆಂಟಿನ ಭಾಷೆಯಲ್ಲಿ. ಸುಸ್ತಾದರೆ "ಲೋ ವೋಲ್ಟೇಜ್" ಅಂತಾನೆ. ಗಲಾಟೆ ತಡೆಯಲಾಗದಿದ್ದರೆ "ಟಿಸಿ ಸುಟ್ಟೋಯ್ತು". ತೀರಾ ಹೆದರಿದಾಗ "1912ಗೆ ಫೋನ್ ಮಾಡು" ಅಂತಾನೆ. ಅದು ಬೆಸ್ಕಾಂ ದೂರಿನ ನಂಬರ್. ಮೊದಲ ಶಾಲೆಯಲ್ಲಿ ಇದನ್ನು ಹುಚ್ಚು ಮಾತು ಅಂದುಕೊಂಡರು. "ಟಿಸಿ ಸುಟ್ಟೋಯ್ತು" ಅಂತ ಅವನು ಹತ್ತು ಸಲ ಹೇಳಿದ ಮೇಲೇ ಬೆಂಚು ತಳ್ಳಿದ್ದು, ತನ್ನ ಕೈ ತಾನೇ ಕಚ್ಚಿಕೊಂಡಿದ್ದು. ಡೈರಿಯಲ್ಲಿ ಬೆಂಚು ತಳ್ಳಿದ್ದು ಮಾತ್ರ ಬರೆದು ಕಳಿಸಿದರು.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದಾಗ ಆಟಿಸಂ ಅಳೆಯುವ ಪರೀಕ್ಷೆ ಮಾಡಿದರು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70 ಮುಟ್ಟಿದರೆ ಶೇ 40ರ ವೈಕಲ್ಯ. ನಿರ್ಜೀವ ವಸ್ತುಗಳನ್ನು ಹಚ್ಚಿಕೊಳ್ಳುತ್ತಾನಾ ಅನ್ನುವುದೂ ಅದರಲ್ಲಿ ಒಂದು. ಟಿಸಿಯಿಂದ ಅವನಿಗೆ ಅಂಕ ಬಿದ್ದದ್ದು ಆ ಪರೀಕ್ಷೆಯಲ್ಲಿ ಮಾತ್ರ. ಅರ್ಜಿಗಳಲ್ಲಿ ಆಟಿಸಂಗೆ "ಸ್ವಲೀನತೆ" ಅಂತ ಬರೆಯುತ್ತಾರೆ, ತನ್ನಲ್ಲೇ ಮುಳುಗಿರುವುದು ಅಂತ ಅರ್ಥ. ನನ್ನ ಮಗ ತನ್ನಲ್ಲಿ ಮುಳುಗಿದ್ದನ್ನು ನಾನಂತೂ ಕಂಡಿಲ್ಲ. ಇಡೀ ತಾಲ್ಲೂಕಿನ ಕಂಬಗಳ ಲೆಕ್ಕ ಅವನ ತಲೆಯಲ್ಲಿದೆ.

ಟಿಸಿ ಹಿಡಿದುಕೊಂಡು ಕೊನೆಗೆ ನಮ್ಮೂರ ಸರ್ಕಾರಿ ಶಾಲೆಗೆ ಹೋದೆ. ಇದು ನಿಮಗೆ ಖುಷಿಯ ಸುದ್ದಿ. ಅಲ್ಲಿ ನಲಿ-ಕಲಿ, ಅಂದರೆ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯನ್ನು ಆಟಿಸಂ ಮಕ್ಕಳಿಗಾಗಿ ಮಾಡಿದ್ದಲ್ಲ. ಆದರೂ ಪುಟ್ಟನ ಅಳತೆಗೆ ಹೊಲಿಸಿದ ಅಂಗಿ ಹಾಗೆ ಕೂತುಬಿಟ್ಟಿತು. ನೆಲದ ಮೇಲೆ ಕೂತುಕೊಳ್ಳಬಹುದು. ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡ್ ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಪಕ್ಕದವನು ಎರಡು ಮೆಟ್ಟಿಲು ಮುಂದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೇ ಇರುವುದರಿಂದ ಯಾರು ಹಿಂದೆ ಬಿದ್ದರು ಅನ್ನುವುದು ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಅಲ್ಲಿನ ಮಿಸ್ಸು ಆಟಿಸಂ ಬಗ್ಗೆ ಯಾವ ತರಬೇತಿಯೂ ಆಗಿಲ್ಲ ಅಂತ ಮೊದಲ ದಿನವೇ ಹೇಳಿದರು. "ನೀವೇ ಹೇಳಿಕೊಡಿ" ಅಂದರು. ಅದಕ್ಕಿಂತ ಇನ್ನೇನು ಬೇಕಿತ್ತು ನನಗೆ? ಕಳೆಯುವ ಲೆಕ್ಕ ಬಾರದ ಹುಡುಗನಿಗೆ "100 ಕೆವಿಎ ಟಿಸಿ ತೆಗೆದು 63ರದ್ದು ಇಟ್ಟರೆ ಎಷ್ಟು ಕಡಿಮೆ ಆಯ್ತು?" ಅಂತ ಕೇಳಿದರು. 37 ಅಂತ ಥಟ್ಟನೆ ಬಂತು. ಟಿಸಿ ಸುಟ್ಟೋಯ್ತು ಅಂದರೆ ಪುಸ್ತಕದ ಕೋಣೆಯಲ್ಲಿ ಹತ್ತು ನಿಮಿಷ ಸುಮ್ನೆ ಕೂರಿಸುತ್ತಾರೆ. ಆಮೇಲೆ ಅವನೇ "ಕರೆಂಟ್ ಬಂತು" ಅಂತ ಎದ್ದು ಬರುತ್ತಾನೆ.

ಒಂದು ಶನಿವಾರ ಲೈನ್‌ಮನ್ ಅಣ್ಣನನ್ನು ಕರೆಸಿದ್ದರು. (ಈಗ ಪವರ್‌ಮ್ಯಾನ್ ಅನ್ನಬೇಕಂತೆ, ನಮ್ಮ ಬಾಯಿಗೆ ಅದು ಬರಲ್ಲ.) ಟಿಸಿ ಪಕ್ಕದ ಗಾಜಿನ ಡಬ್ಬಿಯಲ್ಲಿ ಹರಳು ಯಾಕಿವೆ ಅಂತ ಅವರು ಮಕ್ಕಳನ್ನು ಕೇಳಿದರು. ಪುಟ್ಟ ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳಿದ: "ಅದು ಸಿಲಿಕಾ ಜೆಲ್. ನೀಲಿ ಇದ್ರೆ ಒಣಗಿದೆ. ಗುಲಾಬಿ ಆದ್ರೆ ತೇವ ಕುಡಿದಿದೆ, ಬದಲಾಯಿಸಬೇಕು." ಇಡೀ ಕ್ಲಾಸು ಅವನ ಮಾತು ಕೇಳಿದ್ದು ಅದೇ ಮೊದಲು. ಮಧ್ಯಾಹ್ನದ ಊಟಕ್ಕೆ ಇಬ್ಬರು ಹುಡುಗರು ಅವನ ಪಕ್ಕ ಬಂದು ಕೂತರಂತೆ.

ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳಲ್ಲ. ಪ್ರಾರ್ಥನೆಯ ಮೈಕಿಗೆ ಇನ್ನೂ ಓಡುತ್ತಾನೆ. ಹೋದ ತಿಂಗಳು ಒಂದು ಹುಡುಗಿಯ ಕೈ ಕಚ್ಚಿದ. ಅವರ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತೆ. ಅವರಮ್ಮ ಕಾಫಿ ಕೊಟ್ಟು ಕಳಿಸಿದರು, ಆದರೆ ಆ ಮಗು ನನ್ನನ್ನು ಕಂಡು ಒಳಗೆ ಹೋಯಿತು. ಅದಕ್ಕೂ ನ್ಯಾಯ ಬೇಕಲ್ವಾ?

ಈಗ ನನ್ನ ಚಿಂತೆ ಜೂನಿನದು. ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬೇರೆ ಕೋಣೆ, ಬೆಂಚು, ಪೀರಿಯಡ್ಡು, ಬೋರ್ಡು ನೋಡಿ ಬರೆಯುವ ನೋಟ್ಸು. ಏಣಿ ಇರಲ್ಲ, ಕಾರ್ಡ್ ಇರಲ್ಲ, ಆ ಮಿಸ್ಸೂ ಇರಲ್ಲ. ನಮ್ಮ ಕಡೆಗೆ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕರು, ಒಬ್ಬರು ಬರುತ್ತಾರೆ, ಒಳ್ಳೆಯವರು. ಆದರೆ ಎಷ್ಟೊಂದು ಶಾಲೆ ಸುತ್ತಬೇಕು ಅಂದರೆ ಅವರ ಬೈಕಿಗೇ ವಿಶ್ರಾಂತಿ ಇಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ಹುದ್ದೆ ಮಂಜೂರು ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಮತ್ತೆ ಹೇಳಿತು. ಹುದ್ದೆಗೆ ಹಣ ಬೇಕು, ಹಣಕಾಸು ಇಲಾಖೆ ಒಪ್ಪಬೇಕು, ವರ್ಷಗಟ್ಟಲೆ ಆಗುತ್ತದೆ. ಅದು ನನಗೂ ಗೊತ್ತು. ಕೇಳುವುದನ್ನಂತೂ ಬಿಡಲ್ಲ.

ಅಷ್ಟರೊಳಗೆ ಒಂದು ಪೈಸೆ ಖರ್ಚಿಲ್ಲದ ಕೆಲಸವೊಂದಿದೆ. ಆ ಟಿಸಿಯ ಕಾಲಂ. ಆಟಿಸಂ ಇರುವ, ಇದೆ ಅಂತ ಅನುಮಾನವಿರುವ ಮಗುವಿಗೆ "ಪೋಷಕರ ಕೋರಿಕೆ" ಅಂತ ಬರೆದು ಟಿಸಿ ಕೊಡುವ ಮೊದಲು ಬಿಇಒ ಕಚೇರಿಯಿಂದ ಒಬ್ಬರು ಪೋಷಕರನ್ನು ಬೇರೆ ಕೂರಿಸಿ ಕೇಳಲಿ: "ನಿಜವಾಗಿ ನೀವೇ ಕೇಳಿದ್ದಾ? ಶಾಲೆಯವರು ಮೊದಲು ಏನೇನು ಅನುಕೂಲ ಮಾಡಿಕೊಟ್ಟಿದ್ದರು?" ಉತ್ತರ ಬರವಣಿಗೆಯಲ್ಲಿರಲಿ. ಖಾಸಗಿ ಶಾಲೆಗೂ ಇದೇ ನಿಯಮ, ಸರ್ಕಾರಿ ಶಾಲೆಗೂ ಇದೇ. ಅವತ್ತು ಯಾರಾದರೂ ನನ್ನನ್ನು ಹಾಗೆ ಕೇಳಿದ್ದರೆ ಆ ಸಹಿ ಬೀಳುತ್ತಿರಲಿಲ್ಲ. ಇದಕ್ಕೆ ಒಂದು ಸುತ್ತೋಲೆ ಸಾಕು. ಶಾಲೆ ತೆರೆಯುವ ಮೊದಲೇ ಬಂದರೆ ಇನ್ನೂ ಒಳ್ಳೆಯದು. ನಾಲ್ಕನೇ ತರಗತಿಯಲ್ಲಿ ಇನ್ನೊಂದು ಟಿಸಿ ನನ್ನ ಕೈಗೆ ಬರುವುದು ಬೇಡ.

ಇದನ್ನು ಬರೆಯುತ್ತಿರುವಾಗ ಪುಟ್ಟ ಬಂದು ಯಾರಿಗೆ ಅಂತ ಕೇಳಿದ. ಮಂತ್ರಿಗಳಿಗೆ ಅಂದೆ. ಅವನು ಎಲ್ಲರನ್ನೂ ಅಳೆಯುವುದು ಒಂದೇ ಅಳತೆಯಲ್ಲಿ. ಅಜ್ಜಿ 25, ಅಪ್ಪ 63, ಮಿಸ್ಸು 250.

"ಮಂತ್ರಿ ಎಷ್ಟು ಕೆವಿಎ?"

ಗೊತ್ತಿಲ್ಲ ಅಂದೆ.

"ಕೇಳಿ ಬರಿ" ಅಂದ. ಕೇಳಿದ್ದೇನೆ.

ಇತಿ,
ಪುಟ್ಟನ ಅಮ್ಮ