ಆ ಹನ್ನೊಂದು ವರ್ಷ ಎಲ್ಲಿ ಹೋಯಿತು, ಸಚಿವರೇ?

ಕೆನಡಾದ ಮೂಲನಿವಾಸಿ ಸೇವೆಗಳ ಸಚಿವರಿಗೆ,

ನಮಸ್ಕಾರ. ನಾನು ಮೈಸೂರಿನವಳು, ಒಟ್ಟಾವಾದಲ್ಲಿ ನರ್ಸ್. ಕೆನಡಾದ ಉತ್ತರ ತುದಿಯ ಹಿಮಪ್ರದೇಶ ನುನಾವುಟ್‌ನಿಂದ ಚಿಕಿತ್ಸೆಗೆ ಬರುವ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರನ್ನು ನೋಡಿಕೊಳ್ಳುತ್ತೇನೆ. ‘ಆ ಚಳಿ, ಆ ಹಸಿ ಮಾಂಸ, ಅವರ ಆಯಸ್ಸೇ ಅಷ್ಟು’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ಹಿಂದೆ ಬೇಟೆಯಾಡಿ ಬದುಕುತ್ತಿದ್ದಾಗ ಅವರ ಸರಾಸರಿ ಆಯಸ್ಸು ಕಡಿಮೆ ಇತ್ತು, ನಿಜ. ಕೂಸುಗಳು ಜಾಸ್ತಿ ಸಾಯುತ್ತಿದ್ದವು. ಆದರೆ ಒಂದು ಮಗು ವರ್ಷಕ್ಕೇ ತೀರಿಕೊಂಡು, ಅದರ ಅಕ್ಕ 69ರವರೆಗೆ ಬದುಕಿದರೆ ಸರಾಸರಿ 35 ಬರುತ್ತದೆ. ಆ ಇಬ್ಬರಲ್ಲಿ 35ಕ್ಕೆ ಸತ್ತವರು ಯಾರೂ ಇಲ್ಲ, ಅಲ್ವಾ? ಎಳೆತನ ದಾಟಿ ಅಜ್ಜ ಅಜ್ಜಿ ಆದವರು ಆಗಲೂ ಇದ್ದರು.

ಈಗ ನಿಮ್ಮದೇ ಅಂಕಿಅಂಶ ಇಲಾಖೆಯ 2011ರ ಲೆಕ್ಕ ನೋಡಿ. ಸರಾಸರಿ ಆಯಸ್ಸು ಇನುಯಿಟ್ ಗಂಡಸರಿಗೆ 70, ಹೆಂಗಸರಿಗೆ 76. ಮೂಲನಿವಾಸಿಗಳಲ್ಲದ ಕೆನಡಿಯನ್ನರಿಗೆ 81, 87. ಹನ್ನೊಂದು ವರ್ಷದ ಅಂತರ. ಇದು ಒಂದು ವರ್ಷ ತುಂಬಿದ ಮೇಲಿನ ಲೆಕ್ಕ. ಕೂಸುಗಳ ಸಾವು ಇದರಲ್ಲಿ ಸೇರೇ ಇಲ್ಲ. ಹಳೇ ನೆಪ ಇಲ್ಲಿ ನಡೆಯುವುದಿಲ್ಲ.

ಊಟವನ್ನೂ ದೂರಬೇಡಿ. ನುನಾವುಟ್‌ನ ಬ್ಯಾಫಿನ್ ದ್ವೀಪದಿಂದ ಬಂದಿದ್ದ ಒಬ್ಬ ಅಜ್ಜಿ ನಾವು ಕೊಟ್ಟ ತಟ್ಟೆ ಮುಟ್ಟುತ್ತಿರಲಿಲ್ಲ. ಮೊಮ್ಮಗಳು ಊರಿಂದ ಹೆಪ್ಪುಗಟ್ಟಿದ ಚಾರ್ ಮೀನು ತಂದಳು. ಅಜ್ಜಿ ನೆಲದ ಮೇಲೆ ರಟ್ಟು ಹಾಸಿ ಕೂತರು. ಉಲು ಅನ್ನುವ ಚಾಕು, ನಮ್ಮ ಈಳಿಗೆಯ ಹಾಗೆ ಬಾಗಿದ ಅಲಗು. ಅದರಲ್ಲಿ ತೆಳ್ಳಗೆ ಹೆರೆದು ತಿಂದರು. ನನಗೂ ಒಂದು ಚೂರು ಕೊಟ್ಟರು. ತರಕಾರಿ ಬೆಳೆಯದ ನೆಲದಲ್ಲಿ ತಿಮಿಂಗಿಲದ ಚರ್ಮದಿಂದ ವಿಟಮಿನ್ ಸಿ ಪಡೆದ ಜನ ಅವರು.

ಆಯಸ್ಸು ಸೋರುವುದು ಇಕ್ಕಟ್ಟಾದ ಮನೆಗಳಲ್ಲಿ. ಒಬ್ಬರಿಗೆ ಕ್ಷಯ ಬಂದರೆ ಅದೇ ಕೋಣೆಯಲ್ಲಿ ಮಲಗುವವರಿಗೂ ಅಂಟುತ್ತದೆ. 2016ರಲ್ಲಿ ಇನುಯಿಟ್ ಜನರಲ್ಲಿ ಕ್ಷಯದ ಪ್ರಮಾಣ, ಕೆನಡಾದಲ್ಲೇ ಹುಟ್ಟಿದ ಮೂಲನಿವಾಸಿಗಳಲ್ಲದವರಿಗಿಂತ ಸುಮಾರು 300 ಪಟ್ಟು ಇತ್ತು. ತಾವೇ ಪ್ರಾಣ ಕಳೆದುಕೊಂಡ ಹುಡುಗರ ವಿಷಯ ಬರೆಯಲು ನನಗೆ ಕೈ ಬರುತ್ತಿಲ್ಲ. ನುನಾವುಟ್‌ನ 25 ಊರುಗಳ ನಡುವೆ ಒಂದು ರಸ್ತೆಯಿಲ್ಲ. ಇರುವುದೊಂದೇ ಆಸ್ಪತ್ರೆ, ರಾಜಧಾನಿ ಇಕಾಲುಯಿಟ್‌ನಲ್ಲಿ. ಅಲ್ಲಿ ಆಗದ ಚಿಕಿತ್ಸೆಗೆ ವಿಮಾನ ಹತ್ತಬೇಕು. ಹಿಮಗಾಳಿ ಎದ್ದರೆ ಅದೂ ಇಲ್ಲ.

2030ರೊಳಗೆ ಇನುಯಿಟ್ ನಾಡಿನಿಂದ ಕ್ಷಯ ತೊಲಗಿಸುತ್ತೇವೆ ಅಂತ 2018ರಲ್ಲಿ ನಿಮ್ಮ ಸರ್ಕಾರ ಮಾತು ಕೊಟ್ಟಿದೆ. ಸುಮ್ನೆ ಮಾತ್ರೆ ಹಂಚಿದರೆ ಅದು ಆಗುವುದಿಲ್ಲ. ಮನೆ ಕಟ್ಟಿಸಿ. ಬೇಟೆಗೆ ಹೋಗುವವರ ಪೆಟ್ರೋಲ್‌ಗೆ, ಗುಂಡಿಗೆ ಕೊಡುವ ನೆರವು ಹೆಚ್ಚಿಸಿ. ಇದಕ್ಕೆಲ್ಲ ಎಷ್ಟು ಹಣ ಇಟ್ಟಿದ್ದೀರಿ ಅಂತ ಮುಂದಿನ ಬಜೆಟ್‌ನಲ್ಲಿ ಹುಡುಕುತ್ತೇನೆ.

ಇಂತಿ,
ಒಟ್ಟಾವಾದ ನರ್ಸ್ ಒಬ್ಬಳು