ಆ ಕಾಗದವನ್ನು ಮೊದಲು ಒಡೆಯುವವರು ಯಾರು?

ಪ್ರಿಯ ಮಿತ್ರರೇ,

ನಿಮ್ಮ ಕತೆಯ ಹಸ್ತಪ್ರತಿ ಓದಿದೆ. 1963ರ ಮೈಸೂರು, ಹಾಸ್ಟೆಲಿನಲ್ಲಿದ್ದು ಎಂ.ಎ. ಓದುವ ಗಂಡ, ಹಳ್ಳಿಯ ತುಂಬುಮನೆಯಲ್ಲಿ ಹೆಂಡತಿ, ಅವನು ಬರೆಯುವ ಹನ್ನೊಂದು ಕಾಗದ. ವಸ್ತು ನನಗೆ ತುಂಬ ಹಿಡಿಸಿತು. ಆದರೆ ಹನ್ನೊಂದರಲ್ಲೂ ಅವನು, ಹೆಂಡತಿಯೊಬ್ಬಳೇ ಓದುತ್ತಾಳೆ ಎನ್ನುವಂತೆ ಬರೆದಿದ್ದಾನೆ. ಕತೆ ಸಡಿಲವಾಗಿರುವುದು ಅಲ್ಲೇ.

ಆ ಮನೆಯಲ್ಲಿ ಅಂಚೆಯವನು ಕಾಗದ ಕೊಡುವುದು ಜಗಲಿಯಲ್ಲಿ ಕೂತ ಅವಳ ಮಾವನ ಕೈಗೆ. ಅವರು ಓದಿ, ಅತ್ತೆಗೆ ಓದಿ ಹೇಳಿ, ಆಮೇಲೆ ಅದು ಅಡುಗೆಮನೆ ಸೇರಬೇಕು. ಕೆಲವೊಮ್ಮೆ ಸೇರುವುದೂ ಇಲ್ಲ. ಗಣಿತಜ್ಞ ರಾಮಾನುಜನ್ 1914ರಲ್ಲಿ ಕೇಂಬ್ರಿಜ್‌ಗೆ ಹೋದಾಗ ಪತ್ನಿ ಜಾನಕಿ ಊರಲ್ಲೇ ಉಳಿದರು; ಇಬ್ಬರ ನಡುವಿನ ಕಾಗದಗಳನ್ನು ಅತ್ತೆ ತಡೆಯುತ್ತಿದ್ದರೆಂದು ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಹಾಗಾಗಿ ಪ್ರತಿ ಕಾಗದ ಬರೆಯುವ ಮೊದಲು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ: ಯಾರು ಒಡೆಯುತ್ತಾರೆ, ಯಾರು ಗಟ್ಟಿಯಾಗಿ ಓದುತ್ತಾರೆ, ಅವಳ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ.

ಇಷ್ಟು ಗೊತ್ತಾದರೆ ಭಾಷೆ ತಾನಾಗಿ ಬದಲಾಗುತ್ತದೆ. ಮೂರನೇ ಕಾಗದದಲ್ಲಿ ‘ನೀನಿಲ್ಲದೆ ಮನಸ್ಸು ಎಲ್ಲೂ ನಿಲ್ಲುತ್ತಿಲ್ಲ’ ಎಂದು ಬರೆಸಿದ್ದೀರಿ. ಮಾವ ಓದುವ ಕಾಗದದಲ್ಲಿ ಆ ಹುಡುಗ ಇದನ್ನು ಬರೆಯಲಾರ. ಹೀಗೆ ಬರೆದಾನು: ‘ಕೋಟಿನ ಎರಡನೇ ಗುಂಡಿ ಕಿತ್ತುಹೋಗಿದೆ. ದರ್ಜಿ ಹತ್ತಿರದಲ್ಲೇ ಇದ್ದಾನೆ, ಕೊಟ್ಟಿಲ್ಲ. ರಜಕ್ಕೆ ಬಂದಾಗ ಆಯಿತು.’ ಮಾವನಿಗೆ ಅದು ಗುಂಡಿಯ ಸಂಗತಿ. ಹೊಲಿಯುವವಳಿಗೆ ಬೇರೆ. ಇಂಥ ವಾಕ್ಯ ಕಾಗದಕ್ಕೆ ಒಂದೇ ಇರಲಿ. ಎರಡಾದರೆ ಓದುಗರಿಗೆ ಜಾಡು ಸಿಕ್ಕಿಬಿಡುತ್ತದೆ, ಮೂರಾದರೆ ಮಾವನಿಗೂ.

ಇನ್ನು ಕಾಗದ ಎಂಬ ವಸ್ತು. 1950ರಲ್ಲಿ ಬಂದ ಇನ್‌ಲ್ಯಾಂಡ್ ಲೆಟರ್, ಅಂದರೆ ಬರೆದು ಮಡಿಸಿ ಅಂಟಿಸಿ ಕಳಿಸುವ ಒಂದೇ ಹಾಳೆ, ಬಡ ವಿದ್ಯಾರ್ಥಿಗೆ ಸರಿಯಾದದ್ದು. ಸಾಧಾರಣ ಕೈಬರಹದಲ್ಲಿ ಅದರಲ್ಲಿ 200-250 ಪದ ಹಿಡಿಸುತ್ತವೆ. ನಿಮ್ಮ ಐದನೇ ಕಾಗದ 900 ಪದವಿದೆ. ಅಷ್ಟು ಬರೆಯಬೇಕಾದರೆ ಅವನು ಲಕೋಟೆ ಕೊಳ್ಳಬೇಕು, ದಪ್ಪ ಲಕೋಟೆ ಬಂದರೆ ಮನೆಯವರೆಲ್ಲ ‘ಏನು ವಿಷಯ’ ಎನ್ನುತ್ತಾರೆ. ಬೇಕೆಂದರೆ ಅದನ್ನೇ ಕತೆಯಾಗಿಸಿ. ಇನ್‌ಲ್ಯಾಂಡಿನ ಒಳಗೆ ಏನನ್ನೂ ಇಡುವಂತಿಲ್ಲ, ಆದ್ದರಿಂದ ನಿಮ್ಮ ಒಣಗಿದ ಸಂಪಿಗೆ ಎಸಳು ಹೋಗಬೇಕು. ಜಾಗ ಮುಗಿದಾಗ ಅಂಚಿನಲ್ಲಿ ಅಡ್ಡಡ್ಡ ತುರುಕಿದ ಸಾಲು ಇರುತ್ತದಲ್ಲ, ಹೇಳಲೋ ಬೇಡವೋ ಎಂದು ತಡೆದಿಟ್ಟ ಮಾತು ಬರುವುದು ಅಲ್ಲಿ. ಅಂಟಿಸಿದ ಮಡಿಕೆಯನ್ನು ಅವಸರದಲ್ಲಿ ಹರಿದರೆ ಅಂಚಿನ ನಾಲ್ಕಾರು ಅಕ್ಷರ ಹರಿದುಹೋಗುವುದೂ ಉಂಟು. ಹಾಗೆ ಅರ್ಧ ಉಳಿದ ಒಂದು ಪದವನ್ನು ಅವಳು ದಿನವಿಡೀ ಕೂಡಿಸುತ್ತಿರಲಿ.

ಕಾಲದ ತಪ್ಪುಗಳು ಬೇಗ ಸರಿಯಾಗುತ್ತವೆ. ವಿಳಾಸದಲ್ಲಿ ಪಿನ್‌ಕೋಡ್ ಹಾಕಿದ್ದೀರಿ, ಅದು ಬಂದದ್ದು 1972ರಲ್ಲಿ. ‘ಕರ್ನಾಟಕ’ ಎಂದು ಬರೆದಿದ್ದೀರಿ, 1973ರ ನವೆಂಬರ್‌ವರೆಗೆ ರಾಜ್ಯದ ಹೆಸರು ಮೈಸೂರು. ದಶಮಾಂಶ ನಾಣ್ಯ 1957ರಲ್ಲೇ ಬಂದಿತ್ತು. ಲೆಕ್ಕದಲ್ಲಿ ನಯಾ ಪೈಸೆ ಇರಲಿ, ಬಾಯಿಮಾತಿನಲ್ಲಿ ಎಂಟಾಣೆಯೇ ಇರಲಿ.

ಒಕ್ಕಣೆಯನ್ನು ಹಗುರವಾಗಿ ನೋಡಬೇಡಿ. ತಂದೆಗೆ ‘ತೀರ್ಥರೂಪು’, ‘ಸಾಷ್ಟಾಂಗ ನಮಸ್ಕಾರಗಳು’, ಹೆಂಡತಿಗೆ ‘ಚಿ. ಸೌ.’, ಕೊನೆಗೆ ಆಶೀರ್ವಾದ. ಇಪ್ಪತ್ತೆರಡು ವರ್ಷದ ಹುಡುಗ ಹತ್ತೊಂಬತ್ತರ ಹೆಂಡತಿಗೆ ‘ಆಶೀರ್ವಾದಗಳು’ ಎಂದು ಮುಗಿಸುವಾಗ ಅವನ ಕೈ ಸ್ವಲ್ಪ ತಡೆಯುತ್ತದೆ. ಒಂದು ದಿನ ಅದನ್ನು ಬಿಟ್ಟು ಬರೀ ‘ಇಂತಿ’ ಎಂದು ಹೆಸರು ಬರೆದರೆ, ಅದು ನಿಮ್ಮ ಇಡೀ ಪುಟದ ಪ್ರೇಮಕ್ಕಿಂತ ಜೋರಾಗಿ ಕೇಳುತ್ತದೆ. ಆದರೆ ಮೊದಲ ಆರು ಕಾಗದಗಳಲ್ಲಿ ಒಕ್ಕಣೆ ತಪ್ಪದೆ ಬಂದಿದ್ದರೆ ಮಾತ್ರ.

ಓದುಗರಿಗೆ ತಿಳಿಯಲೆಂದು ‘ನಮ್ಮ ಮದುವೆಯಾಗಿ ಎರಡು ವರ್ಷವಾಯಿತಲ್ಲ’ ಎಂದೆಲ್ಲ ಬರೆಸಬೇಡಿ. ಅವಳಿಗೆ ಅದು ಗೊತ್ತಿದೆ.

ದಿನಗಳ ಪಟ್ಟಿಯನ್ನಂತೂ ಮಾಡಲೇಬೇಕು. ಕಾಗದ ತಲುಪಲು ಮೂರು ದಿನ, ಹಳ್ಳಿಗೆ ಅಂಚೆ ವಾರಕ್ಕೆ ಎರಡೇ ಸಲ ಎಂದಾದರೆ ಉತ್ತರಕ್ಕೆ ಹತ್ತು ದಿನ ಬೇಕು. ಆ ಹತ್ತು ದಿನದಲ್ಲಿ ಅವನು ಇನ್ನೊಂದು ಬರೆದಿರುತ್ತಾನೆ. ಅವನ ಸಿಟ್ಟು ಇಳಿದ ಮೇಲೆ ಅವಳ ಸಮಾಧಾನ ಬರುತ್ತದೆ. ನಿಮ್ಮ ಕತೆಯಲ್ಲಿ ಪ್ರಶ್ನೆ ಕೇಳಿದ ಮೂರನೇ ದಿನಕ್ಕೆ ಉತ್ತರ ಬಂದಿರುವುದರಿಂದ ಅಗಲಿಕೆಯೇ ಇಲ್ಲವಾಗಿದೆ. ಕಾಲೇಜಿನ ಫೀಸಿಗೆಂದು ಅಪ್ಪ ಕಳಿಸುವ ಮನಿಯಾರ್ಡರನ್ನೂ ಈ ಪಟ್ಟಿಗೆ ಸೇರಿಸಿ. ಅದರ ಕೂಪನ್ನಿನಲ್ಲಿ, ಅಂದರೆ ಹಣ ಪಡೆದವನ ಕೈಯಲ್ಲಿ ಉಳಿಯುವ ತುಂಡಿನಲ್ಲಿ, ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. ಅಪ್ಪ ಅಲ್ಲಿ ದನ, ಮಳೆ, ಖರ್ಚು ಬರೆಯಲಿ, ಸೊಸೆಯ ಹೆಸರೆತ್ತದಿರಲಿ. ಅವನು ಆ ತುಂಡನ್ನು ತಿರುಗಿಸಿ ಹಿಂದೆ ನೋಡಲಿ.

ಅವಳಿಗೆ ಬರೆಯಲು ಬರುತ್ತದೆಯೇ ಎಂಬುದನ್ನು ನೀವು ಎಲ್ಲೂ ಹೇಳಿಲ್ಲ. ಬಾರದಿದ್ದರೆ ಉತ್ತರ ಬರೆಯುವವನು ಶಾಲೆಗೆ ಹೋಗುವ ಮೈದುನ. ಅವನ ಕಾಗುಣಿತದ ತಪ್ಪು, ಅವನದೇ ಸುದ್ದಿ, ನಡುವೆ ಅತ್ತಿಗೆ ಹೇಳಿಸಿದ ಒಂದು ಮಾತು. ಇದನ್ನು ಮೊದಲು ತೀರ್ಮಾನಿಸಿ. ಆಮೇಲೆ ಏಳನೇ ಕಾಗದವನ್ನು ಇನ್‌ಲ್ಯಾಂಡಿನ ಅಳತೆಗೆ ಕತ್ತರಿಸಿದ ಹಾಳೆಯ ಮೇಲೆ ಕೈಯಲ್ಲೇ ಬರೆದು ಕಳಿಸಿ. ಟೈಪು ಮಾಡಿದ್ದು ಬೇಡ.

ಇಂತಿ ನಿಮ್ಮ ಹಿತೈಷಿ