ಸೈಕಲ್ ಹೊಡ್ಕೊಂಡು ತುಮರಿಗೆ ಹೋಗಿದ್ದೆ ಕಣೋ

ಸಾಗರ
ಸಂಕ್ರಾಂತಿ ಕಳೆದ ಐದನೇ ದಿನ

ಪ್ರೀತಿಯ ಗೆಳೆಯ,

ನಿನ್ನೆ ರಾತ್ರಿ ವಾಪಸ್ ಬಂದೆ. ತೊಡೆ ಹಿಡ್ಕೊಂಡಿದೆ, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ. ಆದ್ರೂ ಬರೀತಾ ಕೂತೆ, ಯಾಕಂದ್ರೆ ಇದನ್ನ ಮೊದಲು ನಿನಗೇ ಹೇಳ್ಬೇಕು. ನಿಮ್ಮಜ್ಜ ಬಿಟ್ಟು ಬಂದ ಸೀಮೇಲಿ ಮೂರು ದಿನ ಸೈಕಲ್ ಹೊಡೆದೆ.

ಆವಿನಹಳ್ಳಿ ದಾಟೋವರೆಗೂ ಮಂಜು, ಹತ್ತು ಮಾರು ಆಚೆ ಏನೂ ಕಾಣ್ತಿರಲಿಲ್ಲ. ಅಂಬಾರಗೋಡ್ಲು ಮುಟ್ಟೋಷ್ಟರಲ್ಲಿ ಎಳೆ ಬಿಸಿಲು. ಆವತ್ತು ನಾವಿಬ್ರೂ ಶರಾವತಿ ಹಿನ್ನೀರು ದಾಟೋ ಲಾಂಚಿಗೆ ಕಾದಿದ್ದು ಅಲ್ಲೇ. ಈಗ 2025ರ ಜುಲೈಯಿಂದ ಸೇತುವೆ ಇದೆ, 2.44 ಕಿಲೋಮೀಟರ್. ಕಾರಿನವರು ಮಾತಾಡ್ತಾ ಮಾತಾಡ್ತಾ ದಾಟಿಬಿಡ್ತಾರೆ. ನನಗೆ ಅರ್ಧ ಗಂಟೆ ಹಿಡೀತು. ಅಡ್ಡಗಾಳಿ ಒಂದು ಕಡೆ, ನಿಂತು ನಿಂತು ನೋಡಿದ್ದು ಇನ್ನೊಂದು ಕಡೆ.

ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿ ಮುಟ್ಟೋ ನೀರು ಇಳೀತಾ ಹೋದ ಹಾಗೆ ಗುಡ್ಡದ ಬುಡದ ಕೆಮ್ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ ಬಿಟ್ಟು ಹೋಗಿದೆ. ಆ ಗೆರೆಗಳು ಮುಗಿಯೋ ಕಡೆ, ನೀರಂಚಲ್ಲಿ, ಕಪ್ಪು ಬೊಡ್ಡೆಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನವು. ಒಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸ್ತಾ ಕೂತಿತ್ತು. ಇಷ್ಟು ವರ್ಷ ನೀರಲ್ಲಿದ್ದೂ ಕೊಳೀದ ಮರ ಕಣೋ! ನಿಮ್ಮಜ್ಜನ ನೆನಪಾಗಿ ಗಂಟಲು ಕಟ್ಟಿತು.

ತುಮರಿ ಸೀಮೆ ಪೂರ್ತಿ ದ್ವೀಪ ಅಲ್ಲ, ಕೋಗಾರು, ನಿಟ್ಟೂರಿನ ಕಡೆ ಕಾಡುದಾರಿ ಇದೆ. ಆದ್ರೆ ಸಾಗರದ ಪೇಟೆಗೆ ಬರೋಕೆ ಹೊಳೆ ದಾಟಲೇಬೇಕಿತ್ತಲ್ಲ, ಅದಕ್ಕೇ ಜನರ ಬಾಯಲ್ಲಿ ದ್ವೀಪ ಅಂತ್ಲೇ ಉಳಿದಿದೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ಏರು ಹತ್ತಿದ್ರೆ ಹಿನ್ನೀರು, ಇಳಿದ್ರೆ ತೋಟ, ಮತ್ತೆ ಏರು, ಮತ್ತೆ ಹಿನ್ನೀರು. ಸಿಗಂದೂರಿಗೆ ಹೋಗಿ ಕೈ ಮುಗಿದು ಬಂದೆ, ಅಲ್ಲಿ ಜನವೋ ಜನ.

ತುಮರಿ ಹತ್ರ ಒಂದು ಮನೇಲಿ ಅಡಿಕೆ ಸುಲೀತಿದ್ರು. ಸಾಲಾಗಿ ಮೆಟ್ಟುಗತ್ತಿ, ಒಲೆ ಮೇಲೆ ಬೇಯೋ ಹಂಡೆ, ಕೇರಿಗೆಲ್ಲ ಚೊಗರಿನ ವಾಸನೆ. ಮನೆಯಮ್ಮ ಕೈ ನಿಲ್ಲಿಸದೇನೇ ‘ಬಿಸಿಲಲ್ಲಿ ಬಂದಿದೀರಿ, ಆಸ್ರಿಗೆ ಎಂತ ಬೇಕು?’ ಅಂದ್ರು. ಮುರುಗಲು ಪಾನಕ ಕೊಟ್ಟ ಆ ಬೆರಳುಗಳೆಲ್ಲ ಚೊಗರು ಹಿಡಿದು ಕಪ್ಪಗಿದ್ವು. ಲಾಂಚ್ ಇದ್ದಾಗಿನ ಚಂದವೇ ಬೇರೆ ಅಂತ ನಾನು ಅಂದೆ. ಆಗ ಕತ್ತಿ ನಿಂತಿತು. ‘ಕಡೇ ಲಾಂಚು ಹೋದ ಮೇಲೆ ನನ್ನ ಸೊಸೆಗೆ ಹೆರಿಗೆ ನೋವು ಬಂದಿತ್ತು ತಮ್ಮಾ. ಆ ರಾತ್ರಿ ಹೆಂಗೆ ಕಳೆದ್ವು ಅಂತ ನಮಗೇ ಗೊತ್ತು’ ಅಂದ್ರು. ಪಕ್ಕದಲ್ಲೇ ಮೊಮ್ಮಗಳು ಸಿಪ್ಪೆ ರಾಶಿ ಮೇಲೆ ಹತ್ತಿ ಇಳೀತಿದ್ಲು. ಆಮೇಲೆ ನಾನು ಲಾಂಚಿನ ಮಾತು ಎತ್ತಲಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗ್ಬೇಕು. ಮುಳುಗಿದ ನಿಮ್ಮಜ್ಜನ ಊರಿನ ಹೆಸರು, ಮನೆ ಯಾವ ಗುಡ್ಡದ ಮಗ್ಗುಲಿಗಿತ್ತು ಅನ್ನೋದನ್ನ ನಿಮ್ಮಪ್ಪನ್ನ ಕೇಳಿ ಬರಿ. ಮೇ ತಿಂಗಳ ಹೊತ್ತಿಗೆ ನೀರು ತೀರಾ ಇಳಿದ್ರೆ 1948ರ ಮಡೆನೂರು ಅಣೆಕಟ್ಟೂ ಮೇಲೆ ಕಾಣುತ್ತೆ. ಆಗ ಬಾ, ನಿನ್ನ ಸೈಕಲ್ ತಗೊಂಡೇ ಬಾ, ಇಬ್ರೂ ಹುಡುಕೋಣ. ಬರೋವಾಗ ಎರಡು ಜೊತೆ ಬ್ರೇಕ್ ಶೂ ತಾ. ಬ್ಯಾಕೋಡಿನ ಕಡೆ ಇಳಿಜಾರಲ್ಲಿ ನನ್ನವು ಪೂರ್ತಿ ಸವೆದು ಹೋದ್ವು.

ನಿನ್ನ ದಾರಿ ಕಾಯ್ತಾ,
ಸಾಗರದ ಗೆಳೆಯ